ಮನೆ ಹೊಸದು, ತಟ್ಟೆ ಮಾತ್ರ ಹಳೆಯದೇ ಇರಲಿ

ಆಟಿಸಂ ಇರುವ ಮಗುವಿನ ತಾಯಿಯೋ ತಂದೆಯೋ ಮರುಮದುವೆಯಾದಾಗ ಎರಡು ಮನೆ ಒಂದಾಗುವುದು ಹೇಗೆ? ಅಲ್ಲಿ ಪ್ರೀತಿಗಿಂತ ಮೊದಲು ಬೇಕಾಗುವುದು ಏನು?

ಅನುದಾನದಲ್ಲಿ ಕಡಿತವಾದರೆ ‘ಕೇಂದ್ರದ ಮಲತಾಯಿ ಧೋರಣೆ’ ಎಂದು ರಾಜಕಾರಣಿಗಳು ಗುಡುಗುತ್ತಾರೆ. ಮರುದಿನ ಅದೇ ಮಾತು ತಲೆಬರಹವಾಗುತ್ತದೆ. ತಂದೆಯ ತೊಡೆಯೇರಲು ಬಂದ ಧ್ರುವನನ್ನು ಸುರುಚಿ ತಡೆದ ಕಥೆ ಕೇಳಿ ಬೆಳೆದವರಿಗೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ನಮ್ಮ ಕಥೆಗಳಲ್ಲಿ ಕುಂತಿಯೂ ಇದ್ದಾಳೆ. ಮಾದ್ರಿ ಸತ್ತ ಮೇಲೆ ನಕುಲ ಸಹದೇವರನ್ನು ಸಾಕಿದವಳು ಅವಳೇ. ಸತ್ತು ಬಿದ್ದಿದ್ದ ತಮ್ಮಂದಿರಲ್ಲಿ ಒಬ್ಬನನ್ನು ಬದುಕಿಸುತ್ತೇನೆ ಎಂದು ಯಕ್ಷ ಹೇಳಿದಾಗ ಧರ್ಮರಾಯ ಭೀಮಾರ್ಜುನರನ್ನು ಬಿಟ್ಟು ನಕುಲನನ್ನು ಕೇಳಿದ. ಇಬ್ಬರು ತಾಯಂದಿರಿಗೂ ಒಬ್ಬೊಬ್ಬ ಮಗನಾದರೂ ಉಳಿಯಲಿ ಎಂಬುದು ಅವನ ನ್ಯಾಯ. ಸುರುಚಿಯಿಂದ ಒಂದು ಬೈಗುಳವೇ ಹುಟ್ಟಿಕೊಂಡಿತು. ಕುಂತಿಯ ಈ ತಾಯ್ತನಕ್ಕೆ ಮಾತ್ರ ನಮ್ಮಲ್ಲಿ ಒಂದು ಒಳ್ಳೆಯ ಹೆಸರೂ ಇಲ್ಲ.

ಮರುಮದುವೆ ಕನ್ನಡ ನಾಡಿಗೆ ಹೊಸದಲ್ಲ. ಉಡಿಕೆ, ಕೂಡಿಕೆ, ಸೀರುಡಿಕೆ ಎಂಬ ಹೆಸರುಗಳಲ್ಲಿ ಅನೇಕ ಸಮುದಾಯಗಳು ಅದನ್ನು ಹಿಂದಿನಿಂದಲೂ ಒಪ್ಪಿಕೊಂಡಿದ್ದವು. ಇಂದು ಪಟ್ಟಣದ ಮಧ್ಯಮ ವರ್ಗದ ಮನೆಗಳಲ್ಲೂ ವಿಧವೆ, ವಿಧುರ, ವಿಚ್ಛೇದಿತರು ಎರಡನೆಯ ಸಲ ಸಂಸಾರ ಹೂಡುತ್ತಿದ್ದಾರೆ. ಅವಳ ಮಗ, ಅವನ ಮಗಳು, ಮುಂದೆ ಇಬ್ಬರದೂ ಆದ ಇನ್ನೊಂದು ಮಗು, ಹೀಗೆ ಒಂದೇ ಸೂರಿನಡಿ ಹೊಸ ಕುಟುಂಬವೊಂದು ಕೂಡಿಕೊಳ್ಳುತ್ತದೆ. ಎಲ್ಲ ಮಕ್ಕಳಿಗೂ ಇದು ದೊಡ್ಡ ಬದಲಾವಣೆಯೇ. ಆದರೆ ಆ ಮಕ್ಕಳಲ್ಲಿ ಒಬ್ಬರಿಗೆ ಆಟಿಸಂ ಇದ್ದರೆ, ಅಂದರೆ ಸ್ವಲೀನತೆ ಇದ್ದರೆ, ಆ ಮನೆಯ ಪರೀಕ್ಷೆ ಬೇರೆ ಬಗೆಯದು. ಮರುಮದುವೆಯಲ್ಲಿ ಎಲ್ಲವೂ ಬದಲಾಗುತ್ತದೆ. ಆಟಿಸಂ ಇರುವ ಮಗುವಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಬದಲಾವಣೆಯೇ.

ಬದಲಾವಣೆ ಬೇಡ ಎನ್ನುವ ಮಗು

ಆಟಿಸಂ ರೋಗವಲ್ಲ. ಮಿದುಳಿನ ಬೆಳವಣಿಗೆಯಲ್ಲೇ ಇರುವ ಒಂದು ಭಿನ್ನತೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ 127 ಜನರಲ್ಲಿ ಒಬ್ಬರಿಗೆ ಇದು ಇತ್ತು. ಕೆಲವು ಮಕ್ಕಳಿಗೆ ಮಾತೇ ಬರುವುದಿಲ್ಲ. ಕೆಲವರು ರೈಲಿನ ವೇಳಾಪಟ್ಟಿಯನ್ನು ಬಾಯಿಪಾಠ ಒಪ್ಪಿಸುತ್ತಾರೆ, ಆದರೆ ಎದುರಿನವರ ಮುಖದಲ್ಲಿ ಕಾಣುವ ಬೇಸರ ಅವರಿಗೆ ತಿಳಿಯುವುದಿಲ್ಲ. ಕುಕ್ಕರಿನ ಸೀಟಿ, ಮಿಕ್ಸಿಯ ಸದ್ದು, ಹೊಸ ಬಟ್ಟೆಯ ಗಂಜಿ, ಇನ್ನೊಬ್ಬರ ಅಪ್ಪುಗೆ ಇವು ಕೆಲವರಿಗೆ ತಡೆಯಲಾರದ ಹಿಂಸೆಯಾಗಬಹುದು. ಹೀಗೆ ಒಂದು ಮಗುವಿನಂತೆ ಇನ್ನೊಂದು ಇರುವುದಿಲ್ಲ.

ಆದರೂ ಹೆಚ್ಚಿನವರಲ್ಲಿ ಕಾಣುವ ಒಂದು ಗುಣವಿದೆ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿದ್ದ ಮಕ್ಕಳ ಮನೋವೈದ್ಯ ಲಿಯೊ ಕ್ಯಾನರ್ 1943ರಲ್ಲಿ 11 ಮಕ್ಕಳ ವಿವರ ಬರೆದು ಆಟಿಸಂ ಅನ್ನು ವೈದ್ಯಲೋಕಕ್ಕೆ ಪರಿಚಯಿಸಿದಾಗಲೇ ಅದನ್ನು ಗುರುತಿಸಿದ್ದರು. ಎಲ್ಲವೂ ನಿನ್ನೆಯಂತೆಯೇ ಇರಬೇಕೆಂಬ ಗಾಢ ಹಂಬಲ ಅದು. ಅದೇ ತಟ್ಟೆ, ಅದೇ ಮೂಲೆ, ಶಾಲೆಗೆ ಅದೇ ರಸ್ತೆ. ಸುತ್ತಲಿನ ಜಗತ್ತು ಅರ್ಥವಾಗದೆ ಗೊಂದಲವಾಗಿ ಕಾಣುವ ಮಗುವಿಗೆ ಈ ಕ್ರಮವೇ ಊರುಗೋಲು. ಅದನ್ನು ಕಿತ್ತುಕೊಂಡರೆ ಮಗು ಚೀರುತ್ತದೆ, ನೆಲಕ್ಕೆ ಬೀಳುತ್ತದೆ, ತನ್ನ ಕೈಯನ್ನು ತಾನೇ ಕಚ್ಚಿಕೊಳ್ಳುತ್ತದೆ.

ಇಂತಹ ಮಗುವಿನ ಮನೆಗೆ ಒಂದು ಭಾನುವಾರ ಹೊಸಬರೊಬ್ಬರು ಪೆಟ್ಟಿಗೆಯೊಂದಿಗೆ ಬಂದಿಳಿದರೆ ಏನಾಗಬಹುದು? ಅಮ್ಮನ ಪಕ್ಕದ ಜಾಗ ಹೋಯಿತು. ಸ್ನಾನದ ಸರದಿ ಬದಲಾಯಿತು. ಮನೆಯಲ್ಲಿ ಇಲ್ಲದ ಸಿಗರೇಟಿನದೋ ಅತ್ತರಿನದೋ ವಾಸನೆ ಬಂತು. ಹೊಸಬರು ಒಳ್ಳೆಯವರೋ ಕೆಟ್ಟವರೋ ಎಂಬ ಪ್ರಶ್ನೆ ಮಗುವಿಗೆ ಇನ್ನೂ ಬಂದೇ ಇಲ್ಲ. ಅದರ ಅಳುವಿಗೆ ಕಾರಣ ಮನುಷ್ಯ ಅಲ್ಲ, ಮುರಿದ ಕ್ರಮ. ‘ಮಗುವಿಗೆ ನನ್ನನ್ನು ಕಂಡರೆ ಆಗುವುದಿಲ್ಲ’ ಎಂದು ನೊಂದುಕೊಳ್ಳುವ ಮಲತಂದೆ, ಮಲತಾಯಿ ಮೊದಲು ತಿಳಿಯಬೇಕಾದದ್ದು ಇದನ್ನೇ.

ತಪ್ಪು ಯಾರದೂ ಅಲ್ಲ

ಮರುಮದುವೆಯ ಮನೆಯಲ್ಲಿ ನೆಂಟರಿಷ್ಟರ ಬಾಯಿಗೆ ಬೀಗವಿರುವುದಿಲ್ಲ. ‘ಅಪ್ಪ ಅಮ್ಮ ಜಗಳವಾಡಿದ್ದಕ್ಕೆ ಮಗು ಹೀಗಾಯಿತು’, ‘ತಾಯಿ ಕೆಲಸಕ್ಕೆ ಹೋದಳು, ಅದಕ್ಕೆ ಮಾತು ಬರಲಿಲ್ಲ’ ಎನ್ನುವವರು ಇಂದಿಗೂ ಇದ್ದಾರೆ. ಒಂದು ಕಾಲದಲ್ಲಿ ದೊಡ್ಡ ವಿದ್ವಾಂಸರೂ ಹೀಗೆಯೇ ಹೇಳುತ್ತಿದ್ದರು. ಅಮೆರಿಕದ ಬ್ರೂನೊ ಬೆಟಲ್‌ಹೈಮ್ 1967ರಲ್ಲಿ ಪ್ರಕಟಿಸಿದ ಪುಸ್ತಕ ತಂದೆತಾಯಿಯರ ಪ್ರೀತಿಯ ಕೊರತೆಯೇ ಆಟಿಸಂಗೆ ಕಾರಣವೆಂಬ ವಾದಕ್ಕೆ ಬಹಳ ಪ್ರಚಾರ ಕೊಟ್ಟಿತು. ಸಾವಿರಾರು ತಾಯಂದಿರು ಈ ಪಾಪಪ್ರಜ್ಞೆ ಹೊತ್ತು ಬದುಕಬೇಕಾಯಿತು.

ಆದರೆ ಅದಕ್ಕೂ ಮೊದಲೇ, 1964ರಲ್ಲಿ, ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞ ಇದು ಜೈವಿಕ ಸ್ಥಿತಿ ಎಂದು ವಾದಿಸಿ ಪುಸ್ತಕ ಬರೆದಿದ್ದರು. ಅವರು ಸ್ವತಃ ಆಟಿಸಂ ಇದ್ದ ಮಗುವಿನ ತಂದೆ. 1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೆಲ್ ರಟರ್ ಬ್ರಿಟನ್ನಿನಲ್ಲಿ 21 ಅವಳಿ ಜೋಡಿಗಳನ್ನು ಪರೀಕ್ಷಿಸಿದರು. ಒಂದೇ ಅಂಡದಿಂದ ಹುಟ್ಟಿದ 11 ಜೋಡಿಗಳಲ್ಲಿ ನಾಲ್ಕರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ಬೇರೆ ಬೇರೆ ಅಂಡಗಳಿಂದ ಹುಟ್ಟಿದ 10 ಜೋಡಿಗಳಲ್ಲಿ ಒಂದರಲ್ಲೂ ಹಾಗಿರಲಿಲ್ಲ. ವಂಶವಾಹಿಗಳ ಪಾತ್ರ ದೊಡ್ಡದು ಎಂಬುದನ್ನು ನಂತರದ ಅಧ್ಯಯನಗಳು ಮತ್ತೆ ಮತ್ತೆ ದೃಢಪಡಿಸಿವೆ. ಮಗುವಿಗೆ ಆಟಿಸಂ ಬಂದದ್ದು ವಿಚ್ಛೇದನದಿಂದ ಅಲ್ಲ, ತಂದೆಯ ಸಾವಿನಿಂದ ಅಲ್ಲ, ಮರುಮದುವೆಯಿಂದಲೂ ಅಲ್ಲ.

ಇನ್ನೊಂದು ತಪ್ಪು ಕಲ್ಪನೆಯೂ ಉಂಟು. ಇಂತಹ ಮಗು ಇದ್ದರೆ ಸಂಸಾರ ಮುರಿಯುವುದೇ ಖಚಿತ ಎನ್ನುವುದು. ಅಮೆರಿಕದಲ್ಲಿ ಶೇ 80ರಷ್ಟು ಮಂದಿ ವಿಚ್ಛೇದನ ಪಡೆಯುತ್ತಾರೆ ಎಂಬ ಮಾತು ಬಹುಕಾಲ ಹರಿದಾಡಿತ್ತು. 2010ರಲ್ಲಿ ವಿಸ್ಕಾನ್ಸಿನ್‌ನ ಸಂಶೋಧಕರು ಲೆಕ್ಕ ಹಾಕಿದಾಗ ಅದು ಶೇ 23.5 ಇತ್ತು. ಅವರು ಹೋಲಿಸಿ ನೋಡಿದ ಇತರ ಕುಟುಂಬಗಳಲ್ಲಿ ಶೇ 13.8 ಇತ್ತು. 2012ರಲ್ಲಿ ಪ್ರಕಟವಾದ ಇನ್ನೂ ದೊಡ್ಡ ಅಧ್ಯಯನದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಹೆತ್ತ ಅಥವಾ ದತ್ತು ಪಡೆದ ತಂದೆತಾಯಿ ಇಬ್ಬರ ಜೊತೆಯಲ್ಲೂ ಬೆಳೆಯುತ್ತಿದ್ದವರು ಆಟಿಸಂ ಇದ್ದ ಮಕ್ಕಳಲ್ಲಿ ಶೇ 64, ಇಲ್ಲದ ಮಕ್ಕಳಲ್ಲಿ ಶೇ 65. ಒತ್ತಡ ಇರುವುದು ನಿಜ. ಆದರೆ ಹಣೆಬರಹ ಅಂತೇನೂ ಇಲ್ಲ.

ತಾಯಿಯ ಎರಡನೇ ಮದುವೆ ತಂದ ಅತ್ತೆ

ಜಗತ್ತಿನಲ್ಲಿ ಆಟಿಸಂ ಎಂದೊಡನೆ ನೆನಪಾಗುವ ಹೆಸರುಗಳಲ್ಲಿ ಅಮೆರಿಕದ ಟೆಂಪಲ್ ಗ್ರಾಂಡಿನ್ ಅವರದು ಮುಖ್ಯವಾದುದು. ಪಶು ವಿಜ್ಞಾನದ ಪ್ರಾಧ್ಯಾಪಕಿಯಾದ ಅವರು ದನಗಳನ್ನು ಹಿಂಸೆಯಿಲ್ಲದೆ ಸಾಗಿಸುವ, ನಿರ್ವಹಿಸುವ ವ್ಯವಸ್ಥೆಗಳನ್ನು ರೂಪಿಸಿದವರು. ಅವರ ಜೀವನ ಕುರಿತು 2010ರಲ್ಲಿ ಚಲನಚಿತ್ರವೂ ಬಂತು. ಅವರು ಬೆಳೆದದ್ದು ಒಡೆದು ಮತ್ತೆ ಕೂಡಿಕೊಂಡ ಕುಟುಂಬದಲ್ಲಿ ಎಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ.

1947ರಲ್ಲಿ ಹುಟ್ಟಿದ ಟೆಂಪಲ್‌ಗೆ ಮೂರೂವರೆ ವರ್ಷವಾಗುವವರೆಗೆ ಮಾತು ಬರಲಿಲ್ಲ. ಇಂತಹ ಮಕ್ಕಳನ್ನು ಸಂಸ್ಥೆಗಳಿಗೆ ಸೇರಿಸಿ ಮರೆತುಬಿಡುವುದು ಅಂದಿನ ರೂಢಿ. ತಂದೆಯ ಒಲವೂ ಆ ಕಡೆಗಿತ್ತು. ತಾಯಿ ಯೂಸ್ಟೇಸಿಯಾ ಒಪ್ಪಲಿಲ್ಲ. ಮಾತು ಕಲಿಸುವ ಶಿಕ್ಷಕಿಯನ್ನು ಹುಡುಕಿದರು, ಮನೆಯಲ್ಲಿ ಸರದಿ ಕಾಯುವ ಆಟಗಳನ್ನು ಆಡಿಸಿದರು, ಊಟದ ಮೇಜಿನ ಶಿಸ್ತು ಬಿಡಲಿಲ್ಲ. ಟೆಂಪಲ್‌ಗೆ 15 ವರ್ಷವಾದಾಗ ತಂದೆತಾಯಿ ಬೇರೆಯಾದರು. 1965ರಲ್ಲಿ ತಾಯಿ ಬೆನ್ ಕಟ್ಲರ್ ಎಂಬ ಸಂಗೀತಗಾರರನ್ನು ಮದುವೆಯಾದರು.

ಈ ಸಂಬಂಧದಿಂದ ಟೆಂಪಲ್‌ಗೆ ಒಬ್ಬ ಅತ್ತೆ ಸಿಕ್ಕಿದರು. ಬೆನ್ ಕಟ್ಲರ್ ಅವರ ಸೋದರಿ ಆನ್. ಅರಿಜೋನಾ ರಾಜ್ಯದಲ್ಲಿ ಅವರದೊಂದು ದನ ಸಾಕಣೆಯ ದೊಡ್ಡ ಜಮೀನಿತ್ತು. ಹರೆಯದ ಹುಡುಗಿ ಟೆಂಪಲ್‌ಗೆ ಅಲ್ಲಿಗೆ ಹೋಗಲು ವಿಪರೀತ ಭಯ. ತಾಯಿ ‘ಹೋಗಲೇಬೇಕು’ ಎಂದು ಗದರಿಸಲಿಲ್ಲ, ‘ಬೇಡವಾದರೆ ಬಿಡು’ ಎನ್ನಲೂ ಇಲ್ಲ. ಒಂದು ವಾರ ಇದ್ದು ಬರುತ್ತೀಯೋ, ಇಡೀ ಬೇಸಿಗೆ ಇರುತ್ತೀಯೋ, ಎರಡರಲ್ಲಿ ಒಂದನ್ನು ನೀನೇ ಆರಿಸಿಕೋ ಎಂದರು. ಹೋದ ಮಗಳು ಬೇಸಿಗೆಯಿಡೀ ಅಲ್ಲೇ ಉಳಿದಳು.

ಅಲ್ಲಿ ಅವಳ ಕಣ್ಣಿಗೆ ಬಿದ್ದದ್ದು ಲಸಿಕೆ ಹಾಕುವಾಗ ದನವನ್ನು ಎರಡೂ ಪಕ್ಕದಿಂದ ಒತ್ತಿ ಹಿಡಿಯುವ ಚೌಕಟ್ಟು. ಬೆದರಿದ ಕೆಲವು ದನಗಳು ಆ ಒತ್ತಡಕ್ಕೆ ಸಿಕ್ಕೊಡನೆ ಶಾಂತವಾಗುತ್ತಿದ್ದವು. ಜನರ ಅಪ್ಪುಗೆ ಸಹಿಸಲಾರದ, ಆದರೆ ಒತ್ತಡದ ಹಿತಕ್ಕಾಗಿ ಹಂಬಲಿಸುತ್ತಿದ್ದ ಹುಡುಗಿ ತಾನೂ ಅದರೊಳಗೆ ನಿಂತು ನೋಡಬೇಕೆಂದಳು. ಬೇರೆ ಯಾರಾದರೂ ಆಗಿದ್ದರೆ ‘ಹುಚ್ಚೇ?’ ಎನ್ನುತ್ತಿದ್ದರೇನೋ. ಅತ್ತೆ ಅದನ್ನು ನಡೆಸಿಕೊಟ್ಟರು. ಶಾಲೆಗೆ ಮರಳಿದ ಮೇಲೆ ಟೆಂಪಲ್ ಮನುಷ್ಯರಿಗೆ ಹೊಂದುವಂತಹ ಒತ್ತುಯಂತ್ರವನ್ನು ತಾನೇ ಮಾಡಿಕೊಂಡಳು. ವಿಜ್ಞಾನ ಶಿಕ್ಷಕ ವಿಲಿಯಂ ಕಾರ್ಲಾಕ್ ಹಾಸ್ಯ ಮಾಡದೆ, ಅದು ಏಕೆ ಹಿತ ಕೊಡುತ್ತದೆಂದು ಅಧ್ಯಯನ ಮಾಡಲು ಹಚ್ಚಿದರು. ಅದೇ ದಾರಿಯಲ್ಲಿ ನಡೆದು 1989ರಲ್ಲಿ ಟೆಂಪಲ್ ಪಶು ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು.

ಎಲ್ಲ ಮಕ್ಕಳೂ ಟೆಂಪಲ್ ಗ್ರಾಂಡಿನ್ ಆಗುವುದಿಲ್ಲ, ಆಗಬೇಕೆಂದು ನಿರೀಕ್ಷಿಸುವುದು ಮಕ್ಕಳಿಗೆ ಮಾಡುವ ಅನ್ಯಾಯ. ಆದರೆ ಈ ಕಥೆಯಿಂದ ಮರುಮದುವೆಯ ಮನೆಗಳು ತೆಗೆದುಕೊಳ್ಳಬಹುದಾದದ್ದು ಉಂಟು. ಹೊಸ ಸಂಬಂಧದ ಜೊತೆ ಹೊಸ ಅತ್ತೆ, ಹೊಸ ಅಜ್ಜ, ಹೊಸ ಅಣ್ಣ ಬರುತ್ತಾರೆ. ಹೆತ್ತವರಿಗೆ ಅಭ್ಯಾಸವಾಗಿ ಕಾಣದೇ ಹೋದದ್ದು ಅವರಲ್ಲಿ ಒಬ್ಬರಿಗೆ ಕಾಣಬಹುದು.

ಮೊದಲು ಕ್ರಮ, ಆಮೇಲೆ ಪ್ರೀತಿ

ಹೊಸದಾಗಿ ಬಂದ ಮಲತಂದೆ ಪ್ರೀತಿ ತೋರಿಸುವ ಆತುರದಲ್ಲಿ ದೊಡ್ಡ ಆಟಿಕೆ ತರುತ್ತಾರೆ, ಎತ್ತಿ ಮುದ್ದಾಡುತ್ತಾರೆ, ಮನೆಗೆಲ್ಲ ಹೊಸ ಬಣ್ಣ ಹೊಡೆಸುತ್ತಾರೆ. ಹೊಸ ಸ್ಟೀಲ್ ತಟ್ಟೆಗಳ ಸೆಟ್ ಬಂದು, ಅಂಚು ನೆಗ್ಗಿದ ಹಳೆಯ ತಟ್ಟೆ ಗುಜರಿಗೆ ಹೋಗುತ್ತದೆ. ಅಂದು ರಾತ್ರಿ ಮಗು ಊಟ ಮಾಡುವುದಿಲ್ಲ. ಮನೆಯ ಹಿರಿಯರು ‘ಹಠ’ ಎನ್ನುತ್ತಾರೆ. ಆದರೆ ಮಗುವಿಗೆ ಊಟ ಎಂದರೆ ಆ ತಟ್ಟೆಯಲ್ಲಿ ಬರುವ ಮೊಸರನ್ನ. ತಟ್ಟೆ ಇಲ್ಲದಿದ್ದರೆ ಅದು ಊಟವೇ ಅಲ್ಲ.

ಮನೆ ಕೂಡಿಸುವವರು ಮೊದಲೇ ಒಂದು ಪಟ್ಟಿ ಮಾಡಿಕೊಳ್ಳುವುದು ಒಳ್ಳೆಯದು. ಬದಲಾಗಲೇಬೇಕಾದವು ಯಾವುವು, ಬದಲಾಗದಂತೆ ಕಾಪಾಡಬಹುದಾದವು ಯಾವುವು? ಮನೆ ಬದಲಾದರೂ ದಿಂಬು, ಹೊದಿಕೆ, ತಟ್ಟೆ, ಮಲಗುವ ವೇಳೆ ಅವೇ ಇರಲಿ. ಸಾಧ್ಯವಾದರೆ ಮದುವೆ, ಹೊಸ ಮನೆ, ಹೊಸ ಶಾಲೆ ಮೂರೂ ಒಂದೇ ಬೇಸಿಗೆಯಲ್ಲಿ ಬೇಡ. ವರ್ಷ ತುಂಬುವುದರೊಳಗೆ ಎಲ್ಲವನ್ನೂ ಮುಗಿಸಿಬಿಡುವ ಧಾವಂತ ದೊಡ್ಡವರದು. ಅದರ ಬೆಲೆ ತೆರುವುದು ಮಗು.

ಬದಲಾವಣೆಯನ್ನು ಮುಂಚೆಯೇ ಕಣ್ಣಿಗೆ ಕಾಣುವಂತೆ ಮಾಡುವುದು ಇನ್ನೊಂದು ಉಪಾಯ. ಅಮೆರಿಕದ ಉತ್ತರ ಕರೊಲಿನಾ ವಿಶ್ವವಿದ್ಯಾಲಯದಲ್ಲಿ ಎರಿಕ್ ಶಾಪ್ಲರ್ 1970ರ ದಶಕದಲ್ಲಿ ಬೆಳೆಸಿದ ಕ್ರಮ ಇದಕ್ಕೆ ಆಧಾರ. ಬಾಯಿಮಾತಿಗಿಂತ ಚಿತ್ರ ಈ ಮಕ್ಕಳಿಗೆ ಬೇಗ ಹತ್ತುತ್ತದೆ ಎಂಬುದನ್ನು ಗಮನಿಸಿ, ದಿನದ ಕೆಲಸಗಳನ್ನು ಚಿತ್ರಗಳ ಸಾಲಾಗಿ ಗೋಡೆಗೆ ಅಂಟಿಸುವ ಪದ್ಧತಿಯನ್ನು ಅವರು ರೂಢಿಗೆ ತಂದರು. ಹಲ್ಲುಜ್ಜುವುದು, ತಿಂಡಿ, ಶಾಲೆಯ ವ್ಯಾನು, ಹೀಗೆ. ಈ ಸಾಲಿನಲ್ಲಿ ಹೊಸಬರ ಭಾವಚಿತ್ರವನ್ನೂ ಒಂದು ನಿಗದಿತ ಜಾಗದಲ್ಲಿ ಸೇರಿಸಬಹುದು. ಸಂಜೆ 6ಕ್ಕೆ ಅವರು, ಒಂದು ಲೋಟ ಹಾಲು, ಹತ್ತು ನಿಮಿಷ ಉಯ್ಯಾಲೆ. ದಿನವೂ ಅಷ್ಟೇ, ಅದೇ ವೇಳೆಗೆ. ಆರು ತಿಂಗಳಾದ ಮೇಲೆ ಸಂಜೆ 6ಕ್ಕೆ ಮಗು ಬಾಗಿಲ ಬಳಿ ನಿಂತಿದ್ದರೆ ಆಶ್ಚರ್ಯವಿಲ್ಲ. ಕ್ರಮದೊಳಗೆ ಜಾಗ ಸಿಕ್ಕವರಿಗೆ ಮನಸ್ಸಿನೊಳಗೂ ಜಾಗ ಸಿಗುತ್ತದೆ.

ಅಮೆರಿಕದ ಶಿಕ್ಷಕಿ ಕ್ಯಾರಲ್ ಗ್ರೇ 1990ರ ದಶಕದ ಆರಂಭದಲ್ಲಿ ರೂಪಿಸಿದ ‘ಸಾಮಾಜಿಕ ಕಥೆ’ಗಳೂ ಉಪಯುಕ್ತ. ಮಗುವಿನ ಮಾತಿನಲ್ಲೇ, ಸಣ್ಣ ಸಣ್ಣ ವಾಕ್ಯಗಳಲ್ಲಿ, ಮುಂದೆ ಆಗಲಿರುವುದನ್ನು ಬರೆದು ದಿನವೂ ಓದಿ ಹೇಳುವುದು. ಮರುಮದುವೆಯ ಮನೆಗೆ ಇಂಥದೊಂದು ಕಥೆ ಹೀಗಿರಬಹುದು:

‘ಭಾನುವಾರ ಮಾಮ ನಮ್ಮ ಮನೆಗೆ ಬರುತ್ತಾರೆ. ಇನ್ನು ಮುಂದೆ ಇಲ್ಲೇ ಇರುತ್ತಾರೆ. ಅವರ ಬಟ್ಟೆ ದೊಡ್ಡ ಬೀರುವಿನಲ್ಲಿ ಇರುತ್ತದೆ. ನನ್ನ ಬಟ್ಟೆ ನನ್ನ ಬೀರುವಿನಲ್ಲೇ ಇರುತ್ತದೆ. ರಾತ್ರಿ ಅಮ್ಮನೇ ನನ್ನನ್ನು ಮಲಗಿಸುತ್ತಾಳೆ. ಗಲಾಟೆ ಅನ್ನಿಸಿದರೆ ನಾನು ನನ್ನ ಕೋಣೆಗೆ ಹೋಗಬಹುದು. ಯಾರೂ ಬೈಯುವುದಿಲ್ಲ.’

ಮದುವೆಯ ದಿನಕ್ಕೂ ಸಿದ್ಧತೆ ಬೇಕು. ಛತ್ರದ ವಾಲಗ, ವಿಡಿಯೊ ದೀಪಗಳ ಝಳ, ಕೆನ್ನೆ ಹಿಂಡುವ ನೆಂಟರು ಇವೆಲ್ಲ ಒಟ್ಟಿಗೆ ಬಂದರೆ ಮಗು ತಡೆದುಕೊಳ್ಳುವುದು ಕಷ್ಟ. ಛತ್ರದಲ್ಲೊಂದು ಸದ್ದಿಲ್ಲದ ಕೋಣೆ, ಜೊತೆಗೆ ಮಗುವಿಗೆ ಒಗ್ಗಿದ ಒಬ್ಬರು ಇದ್ದರೆ ಸಾಕು. ಫೋಟೊಗಾಗಿ ವೇದಿಕೆಗೆ ಎಳೆದು ತರಬೇಕಾಗಿಲ್ಲ.

ವಾರಾಂತ್ಯಕ್ಕೆ ಹೆತ್ತ ತಂದೆಯ ಮನೆಗೆ ಹೋಗಿ ಬರುವ ಮಕ್ಕಳಿಗೆ ಕ್ಯಾಲೆಂಡರಿನಲ್ಲಿ ಎರಡು ಬಣ್ಣ ಹಚ್ಚಿಡಬಹುದು. ಹಸಿರು ಅಮ್ಮನ ಮನೆ, ಹಳದಿ ಅಪ್ಪನ ಮನೆ. ಬೇರೆಯಾದ ಗಂಡ ಹೆಂಡಿರು ಬೇರೆ ಯಾವ ವಿಷಯದಲ್ಲೂ ಒಪ್ಪದಿದ್ದರೂ ಮಲಗುವ ವೇಳೆ, ಔಷಧಿ, ಟಿವಿ ಎಷ್ಟು ಹೊತ್ತು ಎಂಬ ಮೂರು ವಿಷಯಗಳಲ್ಲಿ ಒಂದೇ ನಿಯಮ ಇಟ್ಟುಕೊಂಡರೆ ಮಗುವಿಗೆ ದೊಡ್ಡ ಉಪಕಾರ.

‘ಅಪ್ಪ’ ಎಂದು ಕರೆಸಬೇಕೆ?

‘ಇವರೇ ಇನ್ನು ನಿನ್ನ ಅಪ್ಪ, ಅಪ್ಪಾ ಅನ್ನು’ ಎಂದು ಹಿರಿಯರು ಮೊದಲ ದಿನವೇ ಒತ್ತಾಯಿಸುವುದುಂಟು. ಆಟಿಸಂ ಇರುವ ಅನೇಕ ಮಕ್ಕಳು ಮಾತನ್ನು ಅಕ್ಷರಶಃ ಹಿಡಿಯುತ್ತಾರೆ. ‘ಅಪ್ಪ’ ಎಂಬ ಹೆಸರು ಈಗಾಗಲೇ ಒಬ್ಬರಿಗೆ ಇದೆ. ಅದೇ ಹೆಸರು ಇನ್ನೊಬ್ಬರಿಗೆ ಹೇಗೆ? ಇದು ಮಗುವಿಗೆ ಅವಿಧೇಯತೆಯ ಪ್ರಶ್ನೆ ಅಲ್ಲ, ತರ್ಕದ ಪ್ರಶ್ನೆ. ಮಾಮ, ಚಿಕ್ಕಪ್ಪ, ಅಂಕಲ್ ಯಾವುದಾದರೂ ಒಂದು ಹೆಸರು ಇರಲಿ, ಅದನ್ನು ಬದಲಿಸದಿರಲಿ. ಮಲತಾಯಿಯನ್ನು ಚಿಕ್ಕಮ್ಮ ಎನ್ನುವುದಂತೂ ನಮ್ಮಲ್ಲಿ ಇರುವ ರೂಢಿಯೇ. ಕರೆಯುವ ಹೆಸರಿನಿಂದ ಸಂಬಂಧ ಅಳೆಯುವುದು ಬೇಡ.

ತಂದೆ ತೀರಿಕೊಂಡಿದ್ದರೆ ಇನ್ನೂ ಎಚ್ಚರ ಬೇಕು. ‘ಅಪ್ಪ ಊರಿಗೆ ಹೋಗಿದ್ದಾರೆ’ ಎಂದರೆ ಮಗು ಬಸ್ಸಿಗಾಗಿ ಕಾಯುತ್ತದೆ. ‘ಮಲಗಿದ್ದಾರೆ’ ಎಂದರೆ ಮಲಗಲು ಹೆದರುತ್ತದೆ. ‘ಅಪ್ಪ ಸತ್ತುಹೋದರು. ಅವರ ದೇಹ ಕೆಲಸ ಮಾಡುವುದಿಲ್ಲ. ಅವರು ಮತ್ತೆ ಬರುವುದಿಲ್ಲ’ ಎಂಬ ನೇರ ಮಾತು ದೊಡ್ಡವರ ಕಿವಿಗೆ ಕಠೋರವಾಗಿ ಕೇಳಿದರೂ ಮಗುವಿಗೆ ಅದೇ ದಯೆ. ಹಾರ ಹಾಕಿದ ಭಾವಚಿತ್ರವನ್ನು ಹೊಸ ಗಂಡನಿಗೆ ಮುಜುಗರವಾದೀತೆಂದು ತೆಗೆದಿಡುವುದೂ ಸರಿಯಲ್ಲ. ಗೋಡೆಯ ಮೇಲಿನ ಅದರ ಜಾಗವೂ ಮಗುವಿನ ಕ್ರಮದ ಒಂದು ಭಾಗ.

ಗದರಿಸುವವರು ಯಾರು?

ಮರುಮದುವೆಯ ಮನೆಗಳಲ್ಲಿ ಜಗಳ ಹೆಚ್ಚಾಗಿ ಹುಟ್ಟುವುದು ಶಿಸ್ತಿನ ವಿಷಯಕ್ಕೆ. ಹೆತ್ತವರಿಗೆ ಮಗುವಿನ ನೋವು ಮೊದಲು ಕಾಣುತ್ತದೆ, ಹೊಸಬರಿಗೆ ಮಗುವಿನ ಶಿಸ್ತಿಲ್ಲದಿರುವುದು ಮೊದಲು ಕಾಣುತ್ತದೆ. ಒಬ್ಬರು ಸಡಿಲ ಬಿಟ್ಟಷ್ಟೂ ಇನ್ನೊಬ್ಬರು ಬಿಗಿಯಾಗುತ್ತಾರೆ. ಇಂತಹ ಕುಟುಂಬಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿರುವ ಅಮೆರಿಕದ ಮನಶ್ಶಾಸ್ತ್ರಜ್ಞೆ ಪೆಟ್ರಿಶಿಯಾ ಪೇಪರ್‌ನೊ ಇದಕ್ಕೆ ಹೇಳುವ ಪರಿಹಾರ ಸರಳ. ಶಿಸ್ತಿನ ಹೊಣೆ ಹೆತ್ತವರ ಬಳಿಯೇ ಇರಲಿ, ಹೊಸಬರು ಮೊದಲು ಬಾಂಧವ್ಯ ಬೆಳೆಸಲಿ. ನಿಯಮಗಳ ಬಗ್ಗೆ ಇಬ್ಬರೂ ಮಕ್ಕಳ ಎದುರಲ್ಲದೆ ಪ್ರತ್ಯೇಕವಾಗಿ ಮಾತಾಡಿಕೊಳ್ಳಲಿ. ಮನೆ ನಿಜವಾಗಿ ಒಂದಾಗಲು ಬೇಗ ಹೊಂದಿಕೊಳ್ಳುವವರಿಗೂ ಸುಮಾರು ನಾಲ್ಕು ವರ್ಷ ಬೇಕೆನ್ನುತ್ತಾರೆ ಅವರು.

ಆಟಿಸಂ ಇರುವಲ್ಲಿ ಇದಕ್ಕೆ ಇನ್ನೊಂದು ಮಾತು ಸೇರಿಸಬೇಕು. ಹಠಕ್ಕೂ ಕುಸಿತಕ್ಕೂ ವ್ಯತ್ಯಾಸವಿದೆ. ಚಾಕೊಲೇಟಿಗಾಗಿ ಅಳುವ ಮಗು ಯಾರಾದರೂ ನೋಡುತ್ತಿದ್ದಾರೆಯೇ ಎಂದು ನಡುನಡುವೆ ಕಣ್ಣು ಹಾಯಿಸುತ್ತದೆ. ಸದ್ದು, ಬೆಳಕು, ಬದಲಾವಣೆಯಿಂದ ಕುಸಿದ ಮಗುವಿಗೆ ಆ ಪ್ರಜ್ಞೆ ಇರುವುದಿಲ್ಲ. ಕೇಳಿದ್ದು ಕೈಗೆ ಕೊಟ್ಟರೂ ಅದು ನಿಲ್ಲುವುದಿಲ್ಲ. ಅಂತಹ ಹೊತ್ತಿನಲ್ಲಿ ಪೆಟ್ಟು, ಬೈಗುಳ, ಬುದ್ಧಿವಾದ ಮೂರೂ ವ್ಯರ್ಥ. ಸದ್ದು ಕಡಿಮೆ ಮಾಡಿ, ಜನರನ್ನು ಸರಿಸಿ, ಕಾಯುವುದೊಂದೇ ದಾರಿ. ಈ ವ್ಯತ್ಯಾಸವನ್ನು ಮದುವೆಗೆ ಮುಂಚೆಯೇ ತಿಳಿದುಕೊಂಡ ಮಲತಂದೆಗೆ ಅರ್ಧ ಗೆಲುವು ಸಿಕ್ಕಂತೆ. ಮಗುವಿನ ಚಿಕಿತ್ಸಕರ ಬಳಿಗೆ ಭಾವೀ ದಂಪತಿ ಒಟ್ಟಿಗೆ ಒಮ್ಮೆ ಹೋಗಿ ಬರುವುದು ಜಾತಕ ತೋರಿಸುವುದಕ್ಕಿಂತ ಹೆಚ್ಚು ಉಪಯೋಗದ ಕೆಲಸ.

ಉಳಿದ ಮಕ್ಕಳ ಪಾಲು

ಈ ಮನೆಗೆ ಬಂದ ಇನ್ನೊಂದು ಮಗುವೂ ಇದೆ. ಎಂಟನೇ ತರಗತಿಯ ಹುಡುಗಿ ಎಂದಿಟ್ಟುಕೊಳ್ಳಿ. ನಿನ್ನೆಯವರೆಗೆ ಅಪ್ಪನಿಗೆ ಒಬ್ಬಳೇ ಮಗಳು. ಇಂದು ಮನೆಯಲ್ಲಿ ಅವಳಿಗಿಂತ ಹೆಚ್ಚು ಗಮನ ಬೇಡುವ ತಮ್ಮ. ಅವನು ಅವಳ ಪ್ರಾಜೆಕ್ಟ್ ಪುಸ್ತಕ ಹರಿದ. ಗೆಳತಿಯರು ಮನೆಗೆ ಬಂದಾಗ ಕೈಕೈ ಅಲ್ಲಾಡಿಸುತ್ತ ಅದೇ ಜಾಹೀರಾತಿನ ಸಾಲನ್ನು ನೂರು ಸಲ ಹೇಳಿದ. ‘ಪಾಪ, ಅವನಿಗೆ ಗೊತ್ತಾಗಲ್ಲ, ನೀನೇ ಸಹಿಸಿಕೋ’ ಎಂದು ದೊಡ್ಡವರು ಸಮಾಧಾನ ಮಾಡುತ್ತಾರೆ. ಪ್ರತಿ ಸಲವೂ ಅವಳೇ ಸಹಿಸಬೇಕೆ?

ಬೇಕಾಗಿಲ್ಲ. ಅವಳ ಪುಸ್ತಕಗಳಿಗೆ ಬೀಗವಿರುವ ಕಪಾಟು ಬೇಕು. ವಾರಕ್ಕೊಮ್ಮೆಯಾದರೂ ಅಪ್ಪ ಅವಳೊಬ್ಬಳ ಜೊತೆ ದೋಸೆ ತಿನ್ನಲು ಹೋಗಬೇಕು. ಸಿಟ್ಟು ಬಂದಿದೆ, ನಾಚಿಕೆಯಾಗಿದೆ ಎಂದು ಹೇಳಿಕೊಳ್ಳುವ ಅವಕಾಶ ಬೇಕು, ಹೇಳಿದ್ದಕ್ಕೆ ಕೆಟ್ಟವಳೆನಿಸಿಕೊಳ್ಳಬಾರದು. ‘ನಾವು ಹೋದ ಮೇಲೆ ನೀನೇ ನೋಡಿಕೊಳ್ಳಬೇಕು’ ಎಂಬ ಮಾತನ್ನು ಹದಿಮೂರು ವರ್ಷದ ಹುಡುಗಿಯ ಹೆಗಲಿಗೆ ಹೇರಬಾರದು.

ಇಂತಹ ತಮ್ಮನೋ ತಂಗಿಯೋ ಮನೆಗೆ ಬಂದ ವಿದ್ಯಾರ್ಥಿಗಳಿಗೂ ಒಂದು ಮಾತು. ಅವನು ನಿಮ್ಮ ಕಣ್ಣು ನೋಡಿ ಮಾತಾಡದಿದ್ದರೆ ಅದು ತಿರಸ್ಕಾರವಲ್ಲ. ಅವನ ಆಸಕ್ತಿ ಬಸ್ಸುಗಳ ನಂಬರು ಆಗಿದ್ದರೆ ಅಲ್ಲಿಂದಲೇ ಆರಂಭಿಸಿ. ಪಕ್ಕದಲ್ಲಿ ಕುಳಿತು, ಮಾತಿಲ್ಲದೆ, ಅವನು ಜೋಡಿಸುತ್ತಿರುವ ಸಾಲಿಗೆ ಒಂದು ಕಾರು ಸೇರಿಸಿ ನೋಡಿ. ತೆಗೆದುಹಾಕಿದರೆ ನಾಳೆ ಮತ್ತೆ ಪ್ರಯತ್ನಿಸಿ. ಶಾಲೆಯಲ್ಲಿ ಯಾರಾದರೂ ಅವನನ್ನು ಆಡಿಕೊಂಡರೆ ‘ಅವನಿಗೆ ಆಟಿಸಂ ಇದೆ, ನನ್ನ ತಮ್ಮ’ ಎಂದು ಎರಡೇ ಮಾತಿನಲ್ಲಿ ಹೇಳುವ ಧೈರ್ಯ ಬರಲು ಸಮಯ ಹಿಡಿಯುತ್ತದೆ. ಹಿಡಿಯಲಿ.

ಪ್ರೀತಿಗೂ ಕಾಗದ ಬೇಕು

ಹತ್ತು ವರ್ಷ ಎತ್ತಿ ಆಡಿಸಿದ ಮಲತಂದೆ ಕಾನೂನಿನ ಕಣ್ಣಿಗೆ ಮಗುವಿಗೆ ಏನೂ ಆಗದಿರಬಹುದು. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ 6ನೇ ಕಲಮು ‘ತಂದೆ’, ‘ತಾಯಿ’ ಎಂಬ ಪದಗಳಲ್ಲಿ ಮಲತಂದೆ, ಮಲತಾಯಿ ಸೇರುವುದಿಲ್ಲವೆಂದು ಸ್ಪಷ್ಟವಾಗಿ ಹೇಳುತ್ತದೆ. ಮದುವೆಯಿಂದ ತಾನಾಗಿಯೇ ಪಾಲಕತ್ವ ಬರುವುದಿಲ್ಲ. ಮಲಮಗುವನ್ನು ದತ್ತು ಪಡೆಯಲು 2022ರ ದತ್ತು ನಿಯಮಾವಳಿಯಲ್ಲಿ ದಾರಿಯಿದೆ. ಅದಕ್ಕೆ ಬದುಕಿರುವ ಹೆತ್ತ ತಂದೆಯ ಅಥವಾ ತಾಯಿಯ ಒಪ್ಪಿಗೆ ಬೇಕು.

ಆಸ್ತಿಯ ವಿಷಯವೂ ಹಾಗೆಯೇ. ಹಿಂದೂ ಉತ್ತರಾಧಿಕಾರ ಕಾಯ್ದೆಯಡಿ ಮಲತಂದೆ ಉಯಿಲು ಬರೆಯದೆ ತೀರಿಕೊಂಡರೆ ಮಲಮಗ ಮೊದಲ ದರ್ಜೆಯ ವಾರಸುದಾರನಲ್ಲ. ಮಲತಾಯಿಯ ಆಸ್ತಿಯ ವಿಷಯದಲ್ಲೂ ‘ಮಕ್ಕಳು’ ಎಂಬ ಪದ ಮಲಮಕ್ಕಳನ್ನು ಒಳಗೊಳ್ಳುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1987ರಲ್ಲಿ ತೀರ್ಪು ನೀಡಿದೆ. ತನ್ನ ಕಾಲಾನಂತರವೂ ಮಗುವಿನ ಔಷಧೋಪಚಾರ ನಡೆಯಬೇಕೆಂದು ಬಯಸುವವರು ಅದನ್ನು ಉಯಿಲಿನಲ್ಲಿ ಬರೆಯಬೇಕು. ಮನಸ್ಸಿನಲ್ಲಿದ್ದರೆ ಸಾಲದು.

ಮಗುವಿಗೆ 18 ತುಂಬಿದಾಗ ಇನ್ನೊಂದು ತಿರುವು. ಆಗ ಹೆತ್ತವರೂ ತಾವಾಗಿಯೇ ಪಾಲಕರಾಗಿ ಮುಂದುವರಿಯುವುದಿಲ್ಲ. ಆಟಿಸಂ, ಮಿದುಳಿನ ಪಾರ್ಶ್ವವಾಯು, ಬುದ್ಧಿಮಾಂದ್ಯತೆ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗಾಗಿ 1999ರಲ್ಲಿ ಬಂದ ರಾಷ್ಟ್ರೀಯ ನ್ಯಾಸ ಕಾಯ್ದೆಯಂತೆ, ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಸಲ್ಲಿಸಿ ಪಾಲಕರ ನೇಮಕ ಮಾಡಿಸಿಕೊಳ್ಳಬೇಕು. ಇದೇ ನ್ಯಾಸದ ‘ನಿರಾಮಯ’ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗಿನ ವೆಚ್ಚ ಭರಿಸುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಅನ್ನೂ ಸೇರಿಸಿದೆ. ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಮರುಮದುವೆಯ ನಂತರ ವಿಳಾಸ, ಶಾಲಾ ದಾಖಲೆ ಬದಲಾಗುವುದರಿಂದ ಈ ಕಾಗದಗಳೆಲ್ಲ ಒಂದು ಫೈಲಿನಲ್ಲಿ ಇರುವುದು ಒಳ್ಳೆಯದು.

ಎಲ್ಲಿಗೆ ಹೋಗಬೇಕು?

ಮಗುವಿನ ನಡವಳಿಕೆಯಲ್ಲಿ ಸಂದೇಹ ಬಂದರೆ ‘ಮದುವೆ ಆಗಲಿ, ಆಮೇಲೆ ನೋಡೋಣ’ ಎಂದು ಮುಂದೂಡಬಾರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾತು ಮತ್ತು ಸಂವಹನದ ತರಬೇತಿಗೆ ಹೆಸರಾಗಿದೆ. ಗುರುತಿಸುವುದು ಬೇಗ ಆದಷ್ಟೂ ಕಲಿಸುವುದು ಸುಲಭ. ಇನ್ನೊಂದು ಆಸರೆ ಪೋಷಕರ ಗುಂಪುಗಳು. ಭಾರತದಲ್ಲಿ ಆಟಿಸಂ ಬಗ್ಗೆ ತಿಳಿವಳಿಕೆ ಹರಡಿದ್ದರಲ್ಲಿ ಪೋಷಕರ ಪಾಲೇ ದೊಡ್ಡದು. ದೆಹಲಿಯಲ್ಲಿ 1991ರಲ್ಲಿ ಆರಂಭವಾದ ‘ಆ್ಯಕ್ಷನ್ ಫಾರ್ ಆಟಿಸಂ’ ಸಂಸ್ಥೆಯನ್ನು ಕಟ್ಟಿದವರೂ ಆಟಿಸಂ ಇರುವ ಮಗುವಿನ ತಾಯಿ. ಅಂತಹ ಗುಂಪಿನ ಸಭೆಗೆ ತಾಯಿಯೊಬ್ಬಳೇ ಹೋಗಿ ಬಂದು ವರದಿ ಒಪ್ಪಿಸುವುದಕ್ಕಿಂತ, ಮಲತಂದೆಯೂ ಒಂದು ಕುರ್ಚಿ ಎಳೆದುಕೊಂಡು ಕೂರುವುದು ಮೇಲು. ಅಲ್ಲಿ ಅವರನ್ನು ಯಾರೂ ‘ಮಲ’ ಎಂಬ ಅಕ್ಷರ ಸೇರಿಸಿ ಕರೆಯುವುದಿಲ್ಲ. ಮಗುವಿನ ಜೊತೆ ಬಂದವರೆಲ್ಲ ಅಲ್ಲಿ ಪೋಷಕರೇ.